ದಾರಿ ಮುಚ್ಚಿದ ಒಂಬತ್ತು ದಿನ

ಕುಶಾಲನಗರದ ಮಾರ್ಕೆಟ್ಟಿಗೆ ಮೊನ್ನೆ ಕಣಿಲೆ ಬಂದಿತ್ತು. ಎಳೆ ಬಿದಿರನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿದಾಗ ಏಳುವ ಆ ಹುಳಿ ವಾಸನೆ ನಿಮಗೆ ಗೊತ್ತಿದ್ದರೆ, ನೀವು ಮೂಗು ಮುಚ್ಚಿಕೊಳ್ಳುವವರೋ ಬಾಯಲ್ಲಿ ನೀರೂರುವವರೋ ಎಂಬುದೂ ಗೊತ್ತಿರುತ್ತದೆ. ನಾನು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದವನು. ನನ್ನನ್ನು ಪಕ್ಷಾಂತರ ಮಾಡಿಸಿದವಳು ಮುತ್ತಿ.

ಕಕ್ಕಬೆಯ ಮೇಲಿನ ಎಸ್ಟೇಟೊಂದರಲ್ಲಿ ನಾನಾಗ ರೈಟರ್. ಬೆಳಿಗ್ಗೆ ಹಾಜರಿ ಕೂಗುವುದು, ಕೆಲಸ ಹಂಚುವುದು, ಸಂಜೆ ಕ್ವಾರ್ಟರ್ಸಿನಲ್ಲಿ ಒಬ್ಬನೇ ಅನ್ನ ಬೇಯಿಸಿಕೊಳ್ಳುವುದು. ಹಾಸನದ ಕಡೆಯಿಂದ ಬಂದು ಮೂರು ವರ್ಷವಾಗಿದ್ದರೂ ಅಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ತಪ್ಪು ನನ್ನದೇ, ಹೇಳಿರಲಿಲ್ಲ. ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿದ್ದ ಕೆಲಸಗಾರ್ತಿ ಮುತ್ತಿಯೂ ನನಗೆ ಹಾಜರಿ ಪುಸ್ತಕದ ಒಂದು ಹೆಸರು, ಅಷ್ಟೆ.

ಆ ವರ್ಷದ ಆಗಸ್ಟ್ ಮಳೆಗೆ ಗುಡ್ಡ ಜರಿದು ರಸ್ತೆ ಎರಡೂ ಕಡೆ ಕುಸಿಯಿತು. ಕರೆಂಟಿಲ್ಲ, ಫೋನಿಲ್ಲ. ಲೈನುಮನೆಗಳಿಗೆ ನೀರು ನುಗ್ಗಿ ನಾವು ಹದಿಮೂರು ಜನ ಕಾಫಿ ಗೋಡೌನು ಸೇರಿದೆವು. ನಾಲ್ಕನೆಯ ದಿನ ಅಕ್ಕಿ ಮುಗಿಯುತ್ತ ಬಂತು. ನಾನು ಬಾಗಿಲಲ್ಲಿ ನಿಂತು ಹೆಲಿಕಾಪ್ಟರಿಗಾಗಿ ಆಕಾಶ ನೋಡುತ್ತಿದ್ದೆ.

"ಮೇಲೆ ನೋಡಿದ್ರೆ ಏನ್ ಸಿಕ್ತದೆ ರೈಟರೇ? ಕೆಳಗೆ ನೋಡ್ವ, ಬನ್ನಿ," ಎಂದು ಮುತ್ತಿ ಕತ್ತಿ ಹಿಡಿದು ಹೊರಟಳು.

ಹಿಂದೆ ಹೋದೆವು. ನಿಂತೇ ಸತ್ತ ಕೊಂಬೆಯ ತೊಗಟೆ ಸುಲಿದರೆ ಎಂಥ ಮಳೆಯಲ್ಲೂ ಒಳಗೆ ಒಣ ಸೌದೆ. ತೋಡಿನ ಕಲ್ಲೆತ್ತಿದರೆ ಏಡಿ. ಜರಿಗಿಡದ ಎಳೆ ಸುರುಳಿಯನ್ನು ಅವಳು ಕಿತ್ತಾಗ, ಅಸ್ಸಾಮಿನಿಂದ ಕೆಲಸಕ್ಕೆ ಬಂದಿದ್ದ ಮಾಲತಿ "ಢೆಕಿಯಾ!" ಎಂದು ಕೂಗಿಬಿಟ್ಟಳು. ಅವಳೂರಿನಲ್ಲೂ ಅದೇ ಸೊಪ್ಪಿನ ಪಲ್ಯವಂತೆ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರು ಮಡಿಲ ತುಂಬ ಸೊಪ್ಪು ಕಿತ್ತುಕೊಂಡು ದಾರಿಯುದ್ದಕ್ಕೂ ನಕ್ಕರು. ಬರುವಾಗ ಮುತ್ತಿ ಬಿದಿರ ಮೆಳೆಯಿಂದ ಕಣಿಲೆಯನ್ನೂ ಕಡಿದು ತಂದಳು. ನಾನೂ ಜಾಣತನ ತೋರಿಸಲು ಯಾವುದೋ ಕಾಡುಕೆಸ ತಂದು ರುಚಿ ನೋಡಿದೆ. ಸಂಜೆಯವರೆಗೆ ಗಂಟಲು ಕೆರೆಯಿತು. ಗೋಡೌನಿಗೆಲ್ಲ ಅದೇ ಮನರಂಜನೆ.

"ಕಣಿಲೆ ಇವತ್ತೇ ತಿನ್ಬಾರ್ದು, ವಿಷ. ಮೂರು ದಿನ ನೀರು ಬದಲಾಯಿಸ್ಬೇಕು. ಅದು ನಿಮ್ಮ ಕೆಲಸ," ಎಂದಳು ಮುತ್ತಿ. ಶ್ರದ್ಧೆಯಿಂದ ಮಾಡಿದೆ. ಎಲ್ಲರೂ ಸುತ್ತ ಕೂತು ಅದನ್ನು ಉಂಡ ದಿನ ಅವಳು ಕೇಳಿದಳು, "ಅಲ್ಲ, ನಿಮ್ಮ ಹೆಸ್ರೆಂಥದು?" ಹೇಳಿದೆ. ಮಾಲತಿ ಎರಡು ಸಲ ತಪ್ಪಾಗಿ ಹೇಳಿ ಮೂರನೆಯ ಸಲಕ್ಕೆ ಸರಿ ಹೇಳಿದಳು.

ಒಂಬತ್ತನೆಯ ದಿನ ಜೆಸಿಬಿ ಸದ್ದು ಕೇಳಿ ಎಲ್ಲರೂ ಕೇಕೆ ಹಾಕುತ್ತ ಓಡಿದರು. ಹೇಳಲು ನಾಚಿಕೆಯಾಗುತ್ತದೆ, ಇನ್ನೆರಡು ದಿನ ಬಿಟ್ಟು ಬರಬಾರದಿತ್ತೇ ಎನಿಸಿತು ನನಗೆ.

ಮುಂದಿನ ವಾರ ಮತ್ತೆ ಹಾಜರಿ. ಪಕ್ಕದಲ್ಲಿ ಮ್ಯಾನೇಜರ್ ನಿಂತಿದ್ದರು. "ಮುತ್ತಿ" ಎಂದೆ. "ಇದ್ದೇನೆ" ಎಂದವಳು ಸರಿದುಹೋಗದೆ, ನಾನು ಏನಾದರೂ ಅನ್ನುತ್ತೇನೇನೋ ಎಂಬಂತೆ ತುಸು ಹೊತ್ತು ನಿಂತಳು. ನಾನು ತಲೆಯೆತ್ತದೆ ಮುಂದಿನ ಹೆಸರು ಕೂಗಿದೆ. ಕಾಫಿ ಹಣ್ಣಿನ ಕೊಯ್ಲಿಗೆ ಮೊದಲೇ ಅವಳು ಬಾಳೆಲೆ ಊರಿನ ಕಡೆಯ ಬೇರೊಂದು ತೋಟಕ್ಕೆ ಹೊರಟುಹೋದಳು. ನನಗೆ ಹೇಳಿ ಹೋಗಲಿಲ್ಲ. ಯಾಕೆ ಹೇಳಬೇಕು?

ಈಗ ನಿವೃತ್ತನಾಗಿ ಇಲ್ಲೇ ಕುಶಾಲನಗರದ ಬಡಾವಣೆಯೊಂದರಲ್ಲಿ ಒಬ್ಬನೇ ಇದ್ದೇನೆ. ಎದುರುಮನೆಯವರು ಬಂದು ವರ್ಷವಾಗಿತ್ತು. ಸ್ಕೂಟರಿನ ಸದ್ದಿನ ಹೊರತು ಅವರ ಬಗ್ಗೆ ನನಗೇನೂ ತಿಳಿದಿರಲಿಲ್ಲ. ನಿನ್ನೆ ಸಂಜೆ ರಸ್ತೆ ದಾಟಿ ಹೋಗಿ ಅವರ ಗೇಟು ತಟ್ಟಿದೆ. ಕೈಯಲ್ಲಿ ಏನೂ ಇರಲಿಲ್ಲ, ಹೇಳಿಕೊಳ್ಳಲು ಒಂದು ನೆಪವೂ ಇರಲಿಲ್ಲ.

ಹೊರಬಂದ ಹೆಂಗಸು ದೂರದಿಂದಲೇ ಕೇಳಿದರು, "ಯಾರು ಬೇಕಿತ್ತು?"

"ನೀವೇ," ಎಂದೆ.

ಅವರು ಒಂದು ಕ್ಷಣ ನೋಡಿ, ಗೇಟಿನ ಚಿಲಕ ತೆಗೆದರು.