ಬೊಂಬಾಯಿ ಕಾರಿನ ಡಬ್ಬಿ

ನನ್ನ ಸೋದರಮಾವನಂಥ ಬಡಾಯಿಕೋರನನ್ನು ನಾನು ಸುರಪುರದಲ್ಲಷ್ಟೇ ಅಲ್ಲ, ಎಲ್ಲೂ ನೋಡಿಲ್ಲ. ಕಕ್ಕೇರಾದ ಅವನ ಹೊಲಕ್ಕೆ ಕಾಲುವೆ ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೆ ಅವನ ನಡಿಗೆಯೇ ಬದಲಾಯಿತು. ಬೊಂಬಾಯಿಯಿಂದ ಒಂದು ಹಳೆಯ ಬಿಳಿ ಕಾರು ತಂದು ಸುರಪುರದ ನಮ್ಮ ಮನೆಯ ಮುಂದೆ ನಿಲ್ಲಿಸಿದ. ಅದೇ ಊರಿನ ಅವನ ಓಣಿಯಲ್ಲಿ ಕಾರು ತಿರುಗುವಷ್ಟು ಜಾಗ ಇರಲಿಲ್ಲವಂತೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಾಡಹಗಲೇ ಹಿಡಿದ, ಅದೂ ನಮ್ಮ ಕಟ್ಟೆಯ ಮುಂದೆ.

ಎದುರು ಮನೆಯ ಹತ್ತಿ ವ್ಯಾಪಾರಿಯ ಹತ್ತಿರವೂ ಅಂಥದ್ದೇ ಕಾರಿತ್ತು. ಅದೇ ಕಂಪನಿ, ಅದೇ ಬಣ್ಣ. ಆದರೆ ಗುಲ್ಬರ್ಗಾದಲ್ಲಿ ಕೊಂಡದ್ದು. ಎರಡೂ ಒಂದೇ ಎಂದು ಯಾರಾದರೂ ಅಂದರೆ ಮುಗಿಯಿತು, ಮಾಮಾ ಅವರ ಕೈ ಹಿಡಿದು ಎಳೆದೊಯ್ಯುತ್ತಿದ್ದ.

"ಬರ್ರಿ ಇಲ್ಲಿ. ಇದರ ಪೆಟ್ರೋಲ್ ಟಾಕಿ ಬಾಯಿ ನೋಡ್ರಿ, ಎಷ್ಟು ಸಣ್ಣದದ. ಅವರದು ಕೊಡದ ಬಾಯಿ ಇದ್ದಂಗದ. ಇನ್ನ ಕೆಳಗ ಬಗ್ಗಿ ನೋಡ್ರಿ, ಹೊಗಿ ಪೈಪಿಗೆ ಡಬ್ಬಿ ಅದಲ್ಲ? ಹೊಗಿ ತೊಳದು ಬಿಡ್ತದ ಅದು. ಬೊಂಬಾಯಿ ಗಾಡಿಗಷ್ಟೇ ಇರ್ತದ್ರಿ."

ಧೋತರ ಉಟ್ಟ ಹಿರಿಯರು ಮಣ್ಣಿನಲ್ಲಿ ಮೊಣಕಾಲೂರಿ ಕಾರಿನ ಹೊಟ್ಟೆ ನೋಡಿ "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು. ಏನು ಹೌದೋ ಅವರಿಗೆ!

ಆಗ ಸೀಸ ಇಲ್ಲದ ಪೆಟ್ರೋಲು ದೊಡ್ಡ ಶಹರಗಳಲ್ಲಿ ಮಾತ್ರ ಸಿಗುತ್ತಿತ್ತು. ನಮ್ಮ ಕಡೆ ಬಂಕುಗಳಲ್ಲಿ ಇದ್ದದ್ದೆಲ್ಲ ಸೀಸದ್ದೇ. ತಪ್ಪು ಪೆಟ್ರೋಲು ಒಳಗೆ ಹೋಗಬಾರದೆಂದೇ ಆ ಬಾಯಿ ಸಣ್ಣದಾಗಿತ್ತು. ಹಿಂದಿನ ಗಾಜಿನ ಮೇಲೂ 'ಸೀಸ ಇಲ್ಲದ ಪೆಟ್ರೋಲು ಮಾತ್ರ' ಎಂದು ಬರೆದಿತ್ತು. ನಮ್ಮ ಬಂಕಿನ ದಪ್ಪ ನಳಿಗೆ ಅದರೊಳಗೆ ಹೋಗಲೊಲ್ಲದು. ಮಾಮಾ ಏನು ಮಾಡಿದ? ವೆಲ್ಡಿಂಗ್ ಅಂಗಡಿಗೆ ಒಯ್ದು, ಉಳಿಯಿಂದ ಹೊಡೆಸಿ, ಬಾಯಿ ಅಗಲ ಮಾಡಿಸಿಕೊಂಡು ಬಂದ!

ನಾನು ವಿಜ್ಞಾನ ಓದಿ ಬಿ.ಎಡ್. ಮುಗಿಸಿದವಳು. ಸುಮ್ಮನಿರಲಾಗಲಿಲ್ಲ. "ಮಾಮಾ, ಸೀಸದ ಪೆಟ್ರೋಲ್ ಹಾಕಿದ್ರ ಆ ಡಬ್ಬಿ ಕೆಡ್ತದ. ಹೊಗಿ ಹೊರಗ ಹೋಗದಂಗ ಕಟ್ಕೊಂತದ," ಎಂದೆ.

"ನೀ ಬಿ.ಎಡ್. ಓದೀದಿ, ಡ್ರೈವರಿಕಿ ಓದಿಲ್ಲ. ಸುಮ್ಮ ಕೂಡು."

ಎರಡು ಕಾರಿನ ಫರಕು ಎಲ್ಲ ಬಾಯಿಪಾಠ. ಆ ಫರಕು ಯಾತಕ್ಕೆ ಎಂಬುದು ಮಾತ್ರ ಆ ತಲೆಯೊಳಗೆ ಒಂದು ದಿನವೂ ಹೊಕ್ಕಲಿಲ್ಲ.

ಅಷ್ಟರಲ್ಲಿ ಯಾದಗಿರಿಯ ಒಂದು ಹೈಸ್ಕೂಲಿನಿಂದ ನನಗೆ ಇಂಟರ್‌ವ್ಯೂಗೆ ಕರೆ ಬಂತು. ಇದ್ದದ್ದು ಒಂದೇ ಜಾಗ, ವಿಜ್ಞಾನದ್ದು. ಆ ಕೆಲಸ ನನಗೆ ಬೇಕೇ ಬೇಕಿತ್ತು. ಸಿಗದಿದ್ದರೆ ಮುಂದಿನದು ಮದುವೆ, ಅದಕ್ಕೆ ಗಂಡನ್ನೂ ಮಾಮಾನೇ ಹುಡುಕಿಟ್ಟಿದ್ದ. ಬೆಳಿಗ್ಗೆ ಬಸ್ಸಿಗೆಂದು ಚೀಲ ಹಿಡಿದು ಹೊರಟರೆ ಬಾಗಿಲಲ್ಲೇ ಅಡ್ಡ ನಿಂತ.

"ನನ್ನ ಅಕ್ಕನ ಮಗಳು ಕೆಂಪು ಬಸ್ಸಿನ್ಯಾಗ ಜೋತಾಡಕೋತ ಹೋಗಬೇಕ? ಮಂದಿ ಏನಂದಾರು?"

"ಹೋಗವ್ವ, ಅಷ್ಟು ಪ್ರೀತಿಲೆ ಕರಿಯಾಕತ್ತಾನ," ಎಂದಳು ಅವ್ವ. ನಾನು ಹತ್ತಿ ಕೂತೆ.

ಶಹಾಪುರ ದಾಟುತ್ತಲೇ ಕಾರು ಏದುಸಿರು ಬಿಡತೊಡಗಿತು. ಎಷ್ಟು ತುಳಿದರೂ ಎಳೆಯಲೊಲ್ಲದು. ಸೈಕಲ್ಲಿನವನೊಬ್ಬ ನಮ್ಮನ್ನು ತಿರುಗಿ ನೋಡುತ್ತ ಮುಂದೆ ಹೋದ. "ಗಾಳಿ ಎದುರಿಗಿ ಅದ," ಎಂದ ಮಾಮಾ. ಎಲೆ ಅಲುಗದ ಹೊತ್ತಿನಲ್ಲಿ ಗಾಳಿಯಂತೆ, ಥೂ! ಕೊನೆಗೆ ನಡು ದಾರಿಯಲ್ಲಿ ನಿಂತೇಬಿಟ್ಟಿತು. ಬಗ್ಗಿ ನೋಡಿದೆ. ಅವನ ಪ್ರೀತಿಯ ಡಬ್ಬಿ ಕಾದು ಕೆಂಪಾಗಿತ್ತು.

ಹಿಂದಿನಿಂದ ಯಾದಗಿರಿ ಬಸ್ಸು ಬಂತು. ನಾನು ಕೈ ಎತ್ತಿದೆ. ಮಾಮಾ ನನ್ನ ಕೈ ಹಿಡಿದು ಕೆಳಗೆ ಜಗ್ಗಿದ.

"ಕೈ ಮಾಡಬ್ಯಾಡ, ಮರ್ಯಾದಿ ಹೋಗ್ತದ. ಈಗ ಚಾಲೂ ಆಗ್ತದ."

ಬಸ್ಸು ಧೂಳೆಬ್ಬಿಸಿ ಹೋಯಿತು. ಆಮೇಲೆ ಅವನ ಮಾತು ಕೇಳದೆ ಹುಲ್ಲಿನ ಟ್ರ್ಯಾಕ್ಟರೊಂದನ್ನು ನಿಲ್ಲಿಸಿ ಹತ್ತಿದೆ. ಸ್ಕೂಲು ಮುಟ್ಟಿದಾಗ ಜವಾನ ಕುರ್ಚಿ ಎತ್ತಿಡುತ್ತಿದ್ದ. "ಎಲ್ಲಾ ಮುಗೀತಲ್ಲವ್ವ. ಬ್ಯಾರೆಯವರನ್ನ ತಗೊಂಡ್ರು," ಎಂದ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಶಹಾಪುರದ ಮೆಕ್ಯಾನಿಕ್ ಡಬ್ಬಿ ಕತ್ತರಿಸಿ ತೆಗೆದು ಸಾದಾ ಪೈಪು ಹಾಕಿಕೊಟ್ಟ. ಮಾಮಾ ಆ ಡಬ್ಬಿಯನ್ನು ತಂದು ನಮ್ಮ ಕಟ್ಟೆಯ ಮೇಲಿಟ್ಟುಕೊಂಡು ಕೂತ. ಓಣಿಯ ಮಂದಿಯೆಲ್ಲ ಸತ್ತವರ ಮನೆಗೆ ಬಂದಂತೆ ಬಂದರು. "ಎಷ್ಟು ಆಸಿಲೆ ತಂದಿದ್ದ, ಪಾಪ," ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ತಮ್ಮನಿಗಾಗಿ. ಅವರಿಗೆಲ್ಲ ಚಹಾ ಮಾಡಿದವಳು ನಾನು.

ತಟ್ಟೆ ಹಿಡಿದು ಹೊರಗೆ ಬಂದಾಗ ಹತ್ತಿ ವ್ಯಾಪಾರಿ ನನ್ನ ಮುಖ ನೋಡಿ ಕೇಳಿದರು, "ಈಕಿ ಬಿ.ಎಡ್. ಮಾಡ್ಯಾಳಂತಲ್ಲ, ಎಲ್ಲಿ ಕೆಲಸಕ್ಕ ಅದಾಳ್ರಿ?"

ಮಾಮಾ ಡಬ್ಬಿಯ ಮಸಿ ಒರೆಸುತ್ತಲೇ ಹೇಳಿದ.

"ಎಲ್ಲಿ ಕೆಲಸರಿ, ಮನ್ಯಾಗ ಅದಾಳ. ಇಂಟರ್‌ವ್ಯೂಕ್ಕ ಕರದಿದ್ರು, ಈಕಿ ಹೊತ್ತಿಗೆ ಸರಿಯಾಗಿ ಹೋಗಲಿಲ್ಲ ನೋಡ್ರಿ."