ಶನಿವಾರದ ಊಟ, ಆಪ್ಷನಲ್ ಗಣಿತ

ನನ್ನ ಹೆಸರಿನ ಮುಂದೆ ಬಿ.ಕಾಂ. ಎಂದು ಇರುವುದರಿಂದ ನೆಂಟರಿಷ್ಟರಲ್ಲಿ ನನ್ನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ನನಗೆ ಲೆಕ್ಕ ಬರುತ್ತದೆ ಎಂದು ಅವರೆಲ್ಲ ನಂಬಿದ್ದಾರೆ. ಮದುವೆ ಮನೆಯಲ್ಲಿ ಇಷ್ಟು ಜನಕ್ಕೆ ಎಷ್ಟು ಸೇರು ಅಕ್ಕಿ ಬೇಕು ಎಂಬ ಪ್ರಶ್ನೆ ಎದ್ದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಗಂಭೀರವಾಗಿ ಜಂತೆಯ ಕಡೆ ಕಣ್ಣು ನೆಟ್ಟು ತುಟಿ ಅಲ್ಲಾಡಿಸುತ್ತಿರುತ್ತೇನೆ. ಅಷ್ಟರಲ್ಲಿ ಅಡಿಗೆಯವನು ಯಾವುದೋ ಒಂದು ಅಂಕಿ ಹೇಳುತ್ತಾನೆ. "ಸರಿಯಾಗಿದೆ" ಎಂದು ನಾನು ತಲೆದೂಗುತ್ತೇನೆ. ಇಷ್ಟು ವರ್ಷಗಳಲ್ಲಿ ಯಾರಿಗೂ ಅನುಮಾನ ಬಂದಿಲ್ಲ. ನನ್ನ ಹೆಂಡತಿಯೊಬ್ಬಳಿಗೆ ಮಾತ್ರ ನಿಜ ಗೊತ್ತು. ಸೊಪ್ಪಿನವಳಿಗೆ ಚಿಲ್ಲರೆ ಕೊಡುವ ಹೊತ್ತಿಗೆ ಅವಳು ನನ್ನನ್ನು ಏನಾದರೂ ನೆಪ ಹೇಳಿ ಒಳಗೆ ಕಳಿಸುತ್ತಾಳೆ.

ಇಂಥವನು ವಾಣಿಜ್ಯದ ಪದವಿಯನ್ನು ಹೇಗೆ ಸಂಪಾದಿಸಿದ ಎಂದು ನೀವು ಕೇಳಬಹುದು. ಗಣಿತ ಬರಲಿ ಬಿಡಲಿ, ಅದನ್ನು ನಾನು ತೆಗೆದುಕೊಂಡಿದ್ದೆ, ಅಷ್ಟೇ. ನಮ್ಮ ಮೈಸೂರು ಸಂಸ್ಥಾನದ ಹೈಸ್ಕೂಲುಗಳಲ್ಲಿ ಆಗ ಎಲ್ಲರೂ ಸಾಮಾನ್ಯ ಲೆಕ್ಕ ಕಲಿಯಬೇಕಾಗಿತ್ತು. ಅದರ ಜೊತೆಗೆ 'ಆಪ್ಷನಲ್' ಎಂದು ಒಂದು ವಿಷಯವನ್ನು ನಾವೇ ಆರಿಸಿಕೊಳ್ಳಬೇಕು. ಆಪ್ಷನಲ್ ಗಣಿತ ಆರಿಸಿಕೊಂಡು ಆಲ್ಜೀಬ್ರಾ, ಜಾಮಿಟ್ರಿಗಳ ಜೊತೆ ಗುದ್ದಾಡಿ ಪಾಸಾದವನಿಗೆ ಮುಂದೆ ಕಾಲೇಜಿನಲ್ಲಿ ಬ್ಯಾಂಕು, ಬಡ್ಡಿ, ಬಂಡವಾಳಗಳ ಶಾಸ್ತ್ರ ಓದುವುದಕ್ಕೆ ಪ್ರವೇಶ. ಚರಿತ್ರೆ ಆರಿಸಿಕೊಂಡವನು ಅಶೋಕನಿಂದ ಹಿಡಿದು ಟಿಪ್ಪುವಿನವರೆಗೆ ಎಲ್ಲರ ಯುದ್ಧಗಳನ್ನೂ ಬಾಯಿಪಾಠ ಒಪ್ಪಿಸಿದರೂ ಆ ತರಗತಿಯ ಹೊಸ್ತಿಲು ದಾಟುವಂತಿಲ್ಲ.

ಈ ಕಟ್ಟಳೆಯ ಮರ್ಮವೇನೆಂದು ನಾನು ತುಂಬ ಯೋಚಿಸಿದ್ದೇನೆ. ನಾನು ಕೆಲಸಕ್ಕಿದ್ದ ಬ್ಯಾಂಕಿನಲ್ಲಿ ಕೂಡುವುದು, ಕಳೆಯುವುದು, ತಪ್ಪಿದ್ದನ್ನು ಮತ್ತೆ ಕೂಡುವುದು ಬಿಟ್ಟರೆ ಬೇರೆ ಗಣಿತ ನನ್ನ ಎದುರಿಗೆ ಬಂದದ್ದೇ ಇಲ್ಲ. ಎಕ್ಸ್ ಎಂಬ ಗಿರಾಕಿ ಒಂದು ದಿನವೂ ಬಂದು ಚೀಟಿ ಬರೆಯಲಿಲ್ಲ. ನಮ್ಮ ಹಿಂದಿನ ಗಣಿತದವರು ಗೊತ್ತಿಲ್ಲದ ರಾಶಿಗೆ 'ಯಾವತ್ತಾವತ್' ಎಂದು ಹೆಸರಿಡುತ್ತಿದ್ದರಂತೆ. ಇನ್ನೊಂದು ಗೊತ್ತಿಲ್ಲದ್ದು ಬಂದರೆ ಅದಕ್ಕೆ ಕಪ್ಪು, ಮತ್ತೊಂದಕ್ಕೆ ನೀಲಿ. ಅಜ್ಞಾನಕ್ಕೂ ಬಣ್ಣ ಹಚ್ಚಿ ಚೆಂದ ಮಾಡುತ್ತಿದ್ದವರು! ಆದರೆ ಅವರು ಕೂಡ ಈ ಬಣ್ಣಗಳು ಬಾರದವನು ಬಡ್ಡಿಯ ಲೆಕ್ಕ ಹಾಕಕೂಡದು ಎಂದು ಹೇಳಿದಂತಿಲ್ಲ. ಕ್ಲೋಸ್‌ಪೇಟೆ ಎಂಬ ನಮ್ಮ ಕಡೆಯ ಊರಿನಲ್ಲಿ ರೇಷ್ಮೆಗೂಡು ಕೊಳ್ಳುವ ಸಾಹೇಬರು ಮಾರುವವನ ಕೈಯನ್ನು ಟವೆಲಿನ ಕೆಳಗೆ ಹಿಡಿದು, ಬೆರಳು ಅದುಮಿ ಬೆಲೆ ಕೇಳುತ್ತಿದ್ದುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಮುಖದಲ್ಲಿ ಒಂದು ಗೆರೆ ಅಲ್ಲಾಡದೆ, ಬಾಯಲ್ಲಿ ಒಂದು ಮಾತಿಲ್ಲದೆ ಇಡೀ ವ್ಯಾಪಾರ ಮುಗಿಯುತ್ತಿತ್ತು. ಅವರನ್ನು ಯಾರೂ ಆಪ್ಷನಲ್ ಯಾವುದು ಎಂದು ಕೇಳಿದವರಿಲ್ಲ.

ಇಷ್ಟೆಲ್ಲ ಸುತ್ತಿ ಬಳಸಿ ಹೇಳುತ್ತಿರುವುದು ತಿಮ್ಮಯ್ಯನ ವಿಷಯಕ್ಕೆ ಬರಲು ಮನಸ್ಸು ಹಿಂಜರಿಯುತ್ತಿರುವುದರಿಂದ.

ತಿಮ್ಮಯ್ಯ ಮರಳವಾಡಿಯ ಕಡೆಯವನು, ರೈತರ ಮಗ. ಊರಿನ ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿ, ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಗಂಟಲಲ್ಲಿ ತುಂಬಿಕೊಂಡು, ಹೈಸ್ಕೂಲಿಗೆಂದು ನಮ್ಮ ಚನ್ನಪಟ್ಟಣಕ್ಕೆ ಬಂದ. ಅಲ್ಲಿ ಅವರ ನೆಂಟರೂ ಊರಿನ ಕಡೆಯವರೂ ಕೆಲವರಿದ್ದರು. ಹಾಸ್ಟೆಲಿನ ಅನುಕೂಲ ಇಲ್ಲದ ಹುಡುಗರು ಆಗ ವಾರದೂಟದ ಮೇಲೆ ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ. ತಿಮ್ಮಯ್ಯನೂ ಹಾಗೇ ಓದಿದ. ನಮ್ಮ ತಂದೆ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟಿದ್ದರು. ನಾನು ದಿನವೂ ನಮ್ಮಮ್ಮನ ಕೈಯಡಿಗೆ ಉಂಡು, ಅದರಲ್ಲೂ ಉಪ್ಪು ಕಡಿಮೆ ಎಂದು ಮುಖ ಸಿಂಡರಿಸಿ, ಸ್ಕೂಲಿಗೆ ಹೋಗುತ್ತಿದ್ದವನು. ಒಂದೇ ಬೆಂಚಿನಲ್ಲಿ ಕೂತು ಕೂತು ನಾವಿಬ್ಬರೂ ಜೀವದ ಗೆಳೆಯರಾದೆವು.

ಅವನಿಗೆ ಒಂದೇ ಒಂದು ಆಸೆ ಇತ್ತು. ಅವನ ಊರಿಗೆ ಒಮ್ಮೆ ಸಹಕಾರ ಸಂಘದ ವಿಚಾರ ಹೇಳಲು ಬೆಂಗಳೂರಿನಿಂದ ಕೋಟು ತೊಟ್ಟ ಅಧಿಕಾರಿಯೊಬ್ಬರು ಬಂದಿದ್ದರಂತೆ. ಅರಳಿಕಟ್ಟೆಯ ಮೇಲೆ ನಿಂತು ಅವರು ಆಡಿದ ಮಾತಿನಲ್ಲಿ ಜನಕ್ಕೆ ತಿಳಿದದ್ದು 'ನಮಸ್ಕಾರ' ಒಂದೇ. ಎಲ್ಲರೂ ಹೌದೆಂದು ತಲೆಯಾಡಿಸಿ ಮನೆಗೆ ಹೋದರು. "ಆವಯ್ಯ ಒಳ್ಳೇದೇ ಹೇಳ್ತಿದ್ದ ಕಣ್ಲಾ ಸೀನ. ಆದ್ರೆ ನಮ್ಮ ಮಾತಲ್ಲಿ ಹೇಳೋನು ಒಬ್ಬ ಬೇಕು. ಅದೇನೋ ಬಿ.ಕಾಂ. ಅಂತ ಓದಿದ್ರೆ ಆ ಕೆಲ್ಸ ಸಿಕ್ತದಂತೆ. ನಾನು ಅದನ್ನೇ ಓದೋದು" ಎಂದು ತಿಮ್ಮಯ್ಯ ನನಗೆ ಬೇಸರ ಬರುವಷ್ಟು ಸಲ ಹೇಳಿದ್ದ. ಬಿ.ಕಾಂ. ಎಂಬ ಮಾತನ್ನು ನಾನು ಮೊದಲು ಕೇಳಿದ್ದೇ ಅವನ ಬಾಯಿಂದ.

ಹೀಗಿರುವಾಗ ಆಪ್ಷನಲ್ ಬರೆಸುವ ದಿನ ಬಂತು. ನಮ್ಮ ತಂದೆ ಗಣಿತ ಎಂದರು, ನಾನು ಗಣಿತ ಎಂದು ಬರೆಸಿದೆ. ತಿಮ್ಮಯ್ಯ ಚರಿತ್ರೆ ಎಂದು ಬರೆಸಿದ. ನಾನು ಬೆರಗಾಗಿ "ಯಾಕ್ಲಾ?" ಎಂದೆ. "ಒಸಿ ಹಂಗೇ" ಎಂದು ನಕ್ಕ. ಆಲ್ಜೀಬ್ರಾಕ್ಕೆ ಹೆದರಿದ ಎಂದು ನಾನು ವರ್ಷವಿಡೀ ಚುಡಾಯಿಸಿದೆ. ಚರಿತ್ರೆಯಿಂದ ಬಿ.ಕಾಂ.ಗೆ ಹೋಗಲಾಗದು ಎನ್ನುವುದು ನನಗೂ ತಿಳಿಯದು, ಅವನಿಗೂ ತಿಳಿಯದು. ನಮ್ಮ ಮನೆತನಗಳಲ್ಲಿ ಕಾಲೇಜಿನ ಮುಖ ನೋಡಿದವರು ಯಾರಿದ್ದರು, ಹೇಳುವುದಕ್ಕೆ?

ಇಬ್ಬರೂ ಪಾಸಾದೆವು. ನನ್ನದು ಹೇಗೋ ದಡ ಸೇರಿದ ಪಾಸು. ಅವನದು ತಲೆಯೆತ್ತಿ ನಡೆಯುವ ಪಾಸು. ಒಗೆದ ಪಂಚೆ ಉಟ್ಟು, ಒಟ್ಟಿಗೆ ರೈಲು ಹತ್ತಿ ಬೆಂಗಳೂರಿಗೆ ಹೋದೆವು. ಕಾಲೇಜಿನ ಕೋಣೆಯಲ್ಲಿ ಒಬ್ಬ ವಯಸ್ಸಾದ ಗುಮಾಸ್ತರು ನನ್ನ ಕಾಗದ ನೋಡಿ ಪಕ್ಕಕ್ಕಿಟ್ಟರು. ತಿಮ್ಮಯ್ಯನದನ್ನು ನೋಡಿ ಕನ್ನಡಕ ತೆಗೆದರು.

"ಗಣಿತ ಎಲ್ಲಪ್ಪಾ?"

"ಲೆಕ್ಕ ಚೆನ್ನಾಗಿ ಬತ್ತದೆ ಸ್ವಾಮಿ. ಬೇಕಾದ್ರೆ ಏನಾದ್ರೂ ಕೇಳಿ ನೋಡಿ."

"ಕೇಳೋ ಅಧಿಕಾರ ನನಗಿಲ್ಲ ಮಗು" ಎಂದರು ಅವರು. ಒಳ್ಳೆಯ ಮನುಷ್ಯರು. ಒಳಗೆ ಎದ್ದು ಹೋಗಿ ದೊಡ್ಡವರನ್ನು ವಿಚಾರಿಸಿಕೊಂಡೂ ಬಂದರು. ಕಟ್ಟಳೆ ಕಟ್ಟಳೆಯೇ. ಬೇಕಾದರೆ ಇನ್ನೊಂದು ವರ್ಷ ಹೈಸ್ಕೂಲಿನಲ್ಲಿ ಕೂತು ಗಣಿತ ಪಾಸು ಮಾಡಿಕೊಂಡು ಬರಲಿ ಎಂದರು. ಕಾಗದವನ್ನು ಮಡಿಸಿ ಅವರೇ ಅವನ ಕೈಗೆ ಕೊಟ್ಟರು.

ವಾಪಸು ಬರುವ ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. ಲೆಕ್ಕದಲ್ಲಿ ನನ್ನನ್ನು ಕಿವಿ ಹಿಡಿದು ನಡೆಸುತ್ತಿದ್ದವನು ನೀನು, ಚರಿತ್ರೆ ಯಾಕೆ ಹಿಡಿದು ಸತ್ತೆ ಎಂದು ಅವನ ಮೇಲೆ ರೇಗಿದೆ. ಬಿಡದಿ ದಾಟಿದ ಮೇಲೆ ಅವನು ಬಾಯಿಬಿಟ್ಟ.

ಅವನ ಶನಿವಾರದ ಊಟ ಸಣ್ಣತಾಯಮ್ಮ ಎಂಬ ಮುದುಕಿಯ ಮನೆಯಲ್ಲಿ. ಮನೆ ಕೆರೆಯ ಆಚೆ. ಆಕೆ ತಿಮ್ಮಪ್ಪ ದೇವರ ಒಕ್ಕಲು. ಶನಿವಾರ ಒಪ್ಪತ್ತು, ಅಂದರೆ ಒಂದೇ ಹೊತ್ತಿನ ಊಟ. ಹಿಂದಿನ ರಾತ್ರಿಯೂ ಏನೂ ಇಲ್ಲ. ಆ ಒಂದು ಹೊತ್ತನ್ನೂ ತಿಮ್ಮಪ್ಪನ ಹೆಸರಿನ ಒಬ್ಬನಿಗೆ ಬಡಿಸಿ, ಅವನು ಕೈ ತೊಳೆದ ಮೇಲೇ ಉಣ್ಣಬೇಕೆಂದು ಗಂಡ ಹೋದಂದಿನಿಂದ ಆಕೆಯ ಹರಕೆ. ಆ ವಾರದೂಟ ತಿಮ್ಮಯ್ಯನಿಗೆ ಸಿಕ್ಕಿದ್ದೇ ಅವನ ಹೆಸರಿನ ದೆಸೆಯಿಂದ. ಶನಿವಾರ ಸ್ಕೂಲು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಆಪ್ಷನಲ್ ಗಣಿತದವರನ್ನು ಮಾತ್ರ ಮೇಷ್ಟರು ಗಂಟೆ ಹೊಡೆದ ಮೇಲೂ ಬಿಡದೆ ಬಿಸಿಲು ಇಳಿಯುವವರೆಗೆ ಕೂಡಿಸಿಕೊಳ್ಳುತ್ತಿದ್ದರು.

"ನಾನು ಬೇಕಾದ್ರೆ ಉಪಾಸ ಇರ್ತಿದ್ದೆ ಕಣ್ಲಾ. ಆ ಮುದುಕಿ ಸಂಜೆಗಂಟ ನೀರೂ ಕುಡೀದೆ ಬಾಗ್ಲಲ್ಲಿ ಕೂತಿರ್ತದಲ್ಲ."

"ಆಕೆಗೆ ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ರೆ, ಹೋಗ್ಲಿ ಬುಡು ಮಗ, ನಾನು ಉಂಡ್ಕತೀನಿ ಅನ್ನೋಳು. ಉಣ್ತಿರ್ನಿಲ್ಲ. ನಂಗೆ ಗೊತ್ತು."

ನಾನು ಮನೆಗೆ ಬಂದು ಇದನ್ನೆಲ್ಲ ನಮ್ಮಮ್ಮನಿಗೆ ಹೇಳಿದೆ. ನಮ್ಮಮ್ಮನ ಬಾಯಲ್ಲಿ ಮಾತು ನಿಲ್ಲುವುದು ಕಷ್ಟ. ಆ ವಾರದ ಒಳಗೆ ಸುದ್ದಿ ಕೆರೆಯನ್ನು ದಾಟಿತ್ತು. ಕಾಲೇಜಿಗೆ ಹೊರಡುವ ಮೊದಲು ನಾನು ಗಣಿತದ ಮೇಷ್ಟರ ಮನೆಗೆ ನಮಸ್ಕಾರ ಮಾಡಲು ಹೋಗಿದ್ದೆ. ಸಣ್ಣತಾಯಮ್ಮ ಅಲ್ಲಿಗೆ ಬಂದಳು. ಬಿಸಿಲಲ್ಲಿ ನಡೆದು ಬಂದು ಮುಖವೆಲ್ಲ ಬಾಡಿತ್ತು. ಜಗಲಿಯ ಕೆಳಗೇ ನಿಂತು, ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೇಳಿದಳು.

"ಬುದ್ಧೀ, ಆ ಗಣಿತವ ಶನಿವಾರ ಬುಟ್ಟು ಬ್ಯಾರೆ ದಿನ ಹೇಳ್ಕೊಡಕಾಗಾಕಿಲ್ವಾ? ಕೂಸು ಇನ್ನೊಂದು ವರ್ಷ ಕೂತ್ಕಳ್ಳಲಿ. ನಿಮ್ಮ ಕಾಲಿಗೆ ಬೀಳ್ತೀನಿ."

ಮೇಷ್ಟರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ನಾನು ವಿವರಿಸಿದೆ. ಕೇಳುತ್ತ ಕೇಳುತ್ತ ಅವರ ಮುಖದ ಬಣ್ಣ ಇಳಿಯಿತು.

"ಶನಿವಾರವೇ ಆಗಬೇಕು ಅಂತ ಯಾರು ಹೇಳಿದ್ದರಮ್ಮ? ನನಗೆ ಎಲ್ಲ ದಿನವೂ ಒಂದೇ. ಹುಡುಗರಿಗೆ ಅನುಕೂಲ ಅಂತ ಶನಿವಾರ ಇಟ್ಟುಕೊಂಡಿದ್ದೆ. ಅವನು ಒಂದು ಮಾತು ಕೇಳಿದ್ದರೆ ಗುರುವಾರಕ್ಕೆ ಹಾಕಿಕೊಳ್ಳುತ್ತಿದ್ದೆನಲ್ಲ!"

ಮುದುಕಿ ಜಗಲಿಯ ಕಲ್ಲಿನ ಮೇಲೆ ಕೂತುಬಿಟ್ಟಳು. "ಕೇಳ್ನಿಲ್ಲ ಬುದ್ಧೀ, ನನ್ನ ಮಗ ಕೇಳ್ನಿಲ್ಲ" ಎಂದು ಅದನ್ನೇ ಹೇಳಿದಳು. ಮೇಷ್ಟರೂ ಕಣ್ಣೊರಸಿಕೊಂಡರು.

ಈ ಕೇಳದೆ ಇರುವ ಗುಣದ ಬಗ್ಗೆ ನನಗೆ ಆಗ ಸಿಟ್ಟು ಬಂದಿತ್ತು. ಈಗ ವಯಸ್ಸಾದ ಮೇಲೆ ಸ್ವಲ್ಪ ಅರ್ಥವಾಗುತ್ತದೆ. ದಿನವೂ ಒಂದೊಂದು ಮನೆಯ ಬಾಗಿಲಲ್ಲಿ ನಿಂತು, ಅಮ್ಮಾ ಬಂದೆ ಎಂದು ಕೂಗುವುದರಲ್ಲಿಯೇ ಆ ಹುಡುಗರ ಕೇಳುವ ಶಕ್ತಿಯೆಲ್ಲ ಖರ್ಚಾಗಿಬಿಡುತ್ತಿತ್ತು. ಮತ್ತೊಂದನ್ನು ಕೇಳುವುದಕ್ಕೆ ನಾಲಗೆ ಏಳುತ್ತಿರಲಿಲ್ಲ. ಮನೆಯಲ್ಲಿ ಉಪ್ಪು ಕಡಿಮೆ ಎಂದು ಗದ್ದಲ ಮಾಡುತ್ತಿದ್ದ ನನ್ನಂಥವನಾಗಿದ್ದರೆ ಮೇಷ್ಟರ ಹತ್ತಿರ ಹೋಗಿ ದಿನ ಬದಲಾಯಿಸಿ ಸಾರ್ ಎಂದು ಸಲೀಸಾಗಿ ಕೇಳುತ್ತಿದ್ದ. ಕಾಲೇಜಿಗೆ ಬೇಕಾದ ಅರ್ಹತೆಗಳ ಪಟ್ಟಿಯಲ್ಲಿ ಇದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ಸಣ್ಣತಾಯಮ್ಮ ಸಂತೆಗೆ ಬಂದ ಗಾಡಿಯವರ ಕೈಲಿ, ಬಂದು ಇನ್ನೊಂದು ವರ್ಷ ಓದಲಿ ಎಂದು ಮರಳವಾಡಿಗೆ ಹೇಳಿ ಕಳಿಸಿದಳು. ತಿಮ್ಮಯ್ಯ ಒಂದು ಶನಿವಾರ ಬಂದ. ಬಂದು, ಎಂದಿನ ಹಾಗೆ ಎಲೆಯ ಮುಂದೆ ಕೂತು ಉಂಡ. ಆಕೆ ಉಂಡ ಮೇಲೆ ವಿಷಯ ಹೇಳಿದ. ಅವರ ಮನೆಯಲ್ಲಿ ಹೊಲದ ಕೆಲಸದಿಂದ ಒಬ್ಬನನ್ನು ಮಾತ್ರ ಬಿಡಬಹುದು. ಅವನ ಸರದಿ ಮುಗಿಯಿತು, ಈಗ ತಮ್ಮನ ಸರದಿ. ಆಕೆ ಅತ್ತಳು. ಇನ್ನು ಮೇಲೆ ಶನಿವಾರ ಹೊತ್ತಾರೆಯೇ ಉಂಡುಬಿಡುತ್ತೇನೆ, ಯಾರಿಗೂ ಕಾಯುವುದಿಲ್ಲ ಎಂದಳು. ಹಾಗೆಯೇ ಮಾಡಿದಳೆಂದು ನಮ್ಮಮ್ಮ ಹೇಳುತ್ತಿದ್ದಳು. ಇಷ್ಟು ದಿನ ನಡೆಸಿದ ಹರಕೆಯನ್ನು ಬಿಟ್ಟಳಲ್ಲಾ ಎಂದು ಕೇರಿಯವರು ಆಡಿಕೊಂಡರಂತೆ.

ನಾನು ಬೆಂಗಳೂರಿಗೆ ಹೋದೆ. ತಿಮ್ಮಯ್ಯನಿಗೆ ಸಿಗಬೇಕಾಗಿದ್ದ ಬೆಂಚಿನಲ್ಲಿ ಕೂತು ಆಕಳಿಸಿದೆ.

ಎಷ್ಟೋ ವರ್ಷಗಳ ಮೇಲೆ, ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ಮೈಸೂರು ರೈಲಿಗೆ ಕಾಯುತ್ತ ನಿಂತಿದ್ದೆ. ಯಾರೋ ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟರು. ತಿರುಗಿದರೆ ತಿಮ್ಮಯ್ಯ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ರೇಷ್ಮೆಗೂಡು ಮಾರಲು ಬಂದಿದ್ದನಂತೆ. ಅವನ ಊರಿನಲ್ಲಿ ಸಹಕಾರ ಸಂಘ ಹುಟ್ಟಿತ್ತು, ಕಣ್ಣುಬಿಡುವುದರೊಳಗೆ ಮುಚ್ಚಿಯೂ ಹೋಗಿತ್ತು. ತಿಳಿಯ ಹೇಳುವವರು ಯಾರೂ ಇರಲಿಲ್ಲ ಎಂದ. ಮಕ್ಕಳು ಮರಿಗಳ ಮಾತು ಆಯಿತು. ರೈಲಿಗೆ ಇನ್ನೂ ಹೊತ್ತಿತ್ತು. ಅವನು ಇದ್ದಕ್ಕಿದ್ದಂತೆ ಕೇಳಿದ.

"ಸೀನ, ನಗ್ಬ್ಯಾಡ. ಆ ಆಲ್ಜೀಬ್ರಾ ಅಂದ್ರೆ ಏನ್ಲಾ ಅದು?"

ನಾನು ಛತ್ರಿಯ ಮೊನೆಯಿಂದ ಪ್ಲಾಟ್‌ಫಾರಂ ಪಕ್ಕದ ಮಣ್ಣಿನಲ್ಲಿ ಒಂದು ಸುಲಭದ ಲೆಕ್ಕ ಬರೆದೆ. ಗೊತ್ತಿಲ್ಲದ್ದಕ್ಕೆ ಒಂದು ಗುರುತು ಇಟ್ಟುಕೊಂಡು, ಈ ಕಡೆ ಮಾಡಿದ್ದನ್ನು ಆ ಕಡೆಯೂ ಮಾಡುತ್ತ ಹೋಗುವುದು ಎಂದು ಹೇಳಿಕೊಟ್ಟೆ. ಅವನು ಕುಕ್ಕರುಗಾಲಿನಲ್ಲಿ ಕೂತು ನೋಡಿದ. ಬೆರಳಿನಿಂದ ಮಣ್ಣಿನಲ್ಲೇ ಬಿಡಿಸಿದ. "ಇನ್ನೊಂದು ಹಾಕು, ಒಸಿ ದೊಡ್ಡದು" ಎಂದ. ಎರಡು ಗೊತ್ತಿಲ್ಲದವುಗಳಿರುವ ಒಂದು ಲೆಕ್ಕವನ್ನು ನೆನಪು ಮಾಡಿಕೊಂಡು ಹಾಕಿಕೊಟ್ಟೆ, ಒಂದನ್ನು ಹೇಗೆ ಕಳೆಯುವುದೆಂದೂ ಹೇಳಿದೆ. ಎರಡು ಕಡೆ ತಡವರಿಸಿದ, ಒರೆಸಿದ, ಮತ್ತೆ ಬರೆದ. ಉತ್ತರ ಬಂತು. ತಲೆಯೆತ್ತಿ ನನ್ನನ್ನು ನೋಡಿದ.

"ಇಷ್ಟೇನೇನ್ಲಾ ಇದು?"

ಅವನ ಮುಖ ನೋಡಲಾಗಲಿಲ್ಲ ನನಗೆ. ಆದರೂ ಗಟ್ಟಿಯಾಗಿ ನಕ್ಕೆ.

"ಇಷ್ಟೇ ಎಲ್ಲಿ ಬಂತೋ! ಇದು ಮೊದಲನೇ ಪಾಠ. ಮುಂದೆ ಹೋದ ಹಾಗೆ ಭಾರಿ ಕಷ್ಟ. ನಾನೇ ಹೇಗೆ ಪಾಸಾದೆನೋ ದೇವರಿಗೇ ಗೊತ್ತು."

"ಹಂಗಾ?" ಎಂದ. ಮುಖ ಸ್ವಲ್ಪ ಹಗುರವಾಯಿತು. "ಹಂಗಾದ್ರೆ ಸರಿ ಬುಡು. ನಂಗೆ ಎಲ್ಲಿ ಹತ್ತಿರ್ತಿತ್ತು. ಚರಿತ್ರೆ ತಕ್ಕಂಡಿದ್ದೇ ಒಳ್ಳೇದಾಯ್ತು." ಎದ್ದು ಪಂಚೆಯ ಮಣ್ಣು ಕೊಡವಿಕೊಂಡ. ರೈಲು ಬಂತು. ನನ್ನ ಗಂಟನ್ನು ಅವನೇ ಎತ್ತಿ ಒಳಗಿಟ್ಟು, ಕಿಟಕಿಯ ಹತ್ತಿರ ನಿಂತು, ನಗುನಗುತ್ತಲೇ ಬೀಳ್ಕೊಟ್ಟ.

ಆ ಎರಡನೆಯ ಲೆಕ್ಕ ನಮ್ಮ ಆಲ್ಜೀಬ್ರಾ ಪುಸ್ತಕದ ಕೊನೆಯ ಪುಟದ್ದು.