ಮಷೀನು ತುಳಿದವಳ ಮೇಲಿನ ಅಪವಾದ

ಸದಲಗಾದ ಪ್ರಾಜಕ್ತಾ ಶೇಡಬಾಳಕ್ಕೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ತವರಿನಿಂದ ತಂದ ಹೊಲಿಗೆ ಮಷೀನನ್ನು ಪಡಸಾಲೆಯ ಕಿಟಕಿಯ ಬಳಿ ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ಅವಳು ಕೂಡಿಸಿದ ತೋಳು ಎಲ್ಲೂ ಬಿಗಿಯುವುದಿಲ್ಲ ಎಂದು ಸುತ್ತಿನ ಊರುಗಳಲ್ಲಿ ಹೆಸರಾಗಿತ್ತು.

ಮೊದಲ ಸಲ ಬಸಿರಾದಾಗ ಅತ್ತೆ ಗಂಗೂಬಾಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಎಂಟನೆಯ ವಾರ, ಒಂದು ಮುಂಜಾನೆ, ಬಚ್ಚಲಿಗೆ ಹೋದ ಪ್ರಾಜಕ್ತಾಳಿಗೆ ಬಟ್ಟೆಯ ಮೇಲೆ ರಕ್ತ ಕಂಡಿತು. ಗಂಡ ಅಭಿನಂದನ ಅವಳನ್ನು ಬೈಕಿನ ಮೇಲೆ ಕೂರಿಸಲು ಹೆದರಿ, ನೆರೆಮನೆಯ ಕಾರು ಕೇಳಿ ಮಿರಜಿಗೆ ಕರೆದೊಯ್ದ.

ಡಾಕ್ಟರಬಾಯಿ ಸ್ಕ್ಯಾನ್ ಮಾಡಿ ಪರದೆ ತೋರಿಸಿದರು. ಅವರೆಕಾಳಿನಷ್ಟು ಜೀವ. ಅದರ ಎದೆ ಬಡಿಯುತ್ತಿತ್ತು. ಹೀಗೆ ರಕ್ತ ಕಂಡ ಎಷ್ಟೋ ಮಂದಿಗೆ ಬಸಿರು ಉಳಿಯುತ್ತದೆ, ಕೆಲವರಿಗೆ ಉಳಿಯುವುದಿಲ್ಲ, ಈಗಲೇ ಏನೂ ಹೇಳಲಾಗದು ಎಂದರು. ರಕ್ತ ಹೆಚ್ಚಾದರೆ, ಹೊಟ್ಟೆ ನೊಂದರೆ, ತಲೆ ಸುತ್ತಿದರೆ ತಡಮಾಡದೆ ಬರಲು ಹೇಳಿದರು.

ಮನೆಗೆ ಬಂದೊಡನೆ ಗಂಗೂಬಾಯಿ ಮಷೀನಿನ ಮೇಲೆ ಹಳೆಯ ಸೀರೆ ಹೊದಿಸಿದಳು. "ತುಳದು ತುಳದು ಹೊಟ್ಟಿ ಸಡ್ಲ ಮಾಡ್ಕೊಂಡಿ. ಇನ್ನ ಇದನ್ನ ಮುಟ್ಟು, ನೋಡ್ತೇನಿ."

ಪ್ರಾಜಕ್ತಾ ಮಷೀನಿನತ್ತ ಹೋಗಲಿಲ್ಲ. ಹತ್ತು ದಿನ ಮಲಗಿದಳು. ಬಚ್ಚಲಿಗೆ ಹೋದಾಗಲೆಲ್ಲ ಉಸಿರು ಹಿಡಿದು ಬಟ್ಟೆ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಏನೂ ಇರುತ್ತಿರಲಿಲ್ಲ, ಮರುದಿನ ಕಂದು ಕಲೆ. ಹನ್ನೊಂದನೆಯ ದಿನ ಮಧ್ಯಾಹ್ನ ಹೊಟ್ಟೆ ಹಿಂಡಿ ರಕ್ತ ಗಡ್ಡೆಗಡ್ಡೆಯಾಗಿ ಹೋಯಿತು. ಮತ್ತೆ ಮಿರಜ. ಈ ಸಲ ಪರದೆಯಲ್ಲಿ ಬಡಿತವಿರಲಿಲ್ಲ.

"ಮಷೀನ್ ತುಳದಿದ್ದಕ್ಕ ಹಿಂಗಾತೇನ್ರಿ ಬಾಯಿ?" ಎಂದು ಪ್ರಾಜಕ್ತಾ ಕೇಳಿದಳು.

"ಇಲ್ಲವಾ. ಮೊದಲ ಮೂರು ತಿಂಗಳದಾಗ ಹೋಗೂವು ಬಹಳಷ್ಟು ಮೊದಲಿಂದನ ಸರಿ ಕೂಡಿರೂದಿಲ್ಲ. ಹೊಲದ್ರ, ನಡದ್ರ ಹೋಗೂದಿಲ್ಲ. ನಿನ್ನ ತಪ್ಪಿಲ್ಲ." ಡಾಕ್ಟರಬಾಯಿ ಅಭಿನಂದನನ ಕಡೆ ತಿರುಗಿದರು. "ಮನ್ಯಾಗೂ ಇದನ್ನ ಹೇಳ್ರಿ." ಅವನು ತಲೆಯಾಡಿಸಿದ.

ಮೂರನೆಯ ದಿನ ಮಾತಾಡಿಸಲು ಓಣಿಯ ಹೆಂಗಸರು ಬಂದರು. "ಕುಪ್ಪಸದ ಹುಚ್ಚಿಗೆ ಕೂಸು ಕಳಕೊಂಡ್ಳು ನೋಡ್ರಿ," ಎಂದಳು ಗಂಗೂಬಾಯಿ. ಅಭಿನಂದನ ಅಲ್ಲೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಪ್ರಾಜಕ್ತಾ ಅವನನ್ನೇ ನೋಡಿದಳು. ಅವನು ಬಸಿಗೆ ಸುರಿದುಕೊಂಡದ್ದನ್ನು ಕುಡಿದು ಮುಗಿಸಿ, ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ನಡೆದ.

ಅವನು ತಿರುಗಿ ಬಂದಾಗ ಕೇಳಿದಳು: "ಡಾಕ್ಟರಬಾಯಿ ಹೇಳಿದ್ದು ನಿಮಗ ಕೇಳಿಸಲಿಲ್ಲೇನ್ರಿ?"

"ಕೇಳೇನಿ. ಅವ್ವ ಹಳೇ ಮಂದಿ, ಅಕಿ ಕೂಡ ಯಾಕ ವಾದ? ನೀ ಸುಮ್ಮಿದ್ರ ಮುಗೀತು."

"ಯಾರಿಗ ಮುಗೀತ್ರಿ?"

ಆ ವಾರವೇ ಗಂಗೂಬಾಯಿ ಮಷೀನನ್ನು ಅಥಣಿಯಲ್ಲಿದ್ದ ಮಗಳು ಮಯೂರಿಗೆ ಕಳಿಸಿದಳು. ಟೆಂಪೋಕ್ಕೆ ಹೇರಿ ಹಗ್ಗ ಬಿಗಿದವನು ಅಭಿನಂದನನೇ.

ತಿಂಗಳು ಕಳೆದ ಮೇಲೆ ಪ್ರಾಜಕ್ತಾ ಯಾರ ಅಪ್ಪಣೆಯನ್ನೂ ಕೇಳದೆ ಕಾಗವಾಡದ ಒಂದು ಹೊಲಿಗೆ ಅಂಗಡಿಗೆ ಹೋಗತೊಡಗಿದಳು. ಅತ್ತೆ ಬೈದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವಳು.

ಮರುವರ್ಷ ಮತ್ತೆ ಬಸಿರಾದಳು. ಮನೆಯಲ್ಲಿ ಹೇಳಲಿಲ್ಲ. ಏಳನೆಯ ವಾರದಲ್ಲಿ ಈ ಸಲವೂ ನಾಲ್ಕು ಹನಿ ರಕ್ತ ಕಂಡಿತು. ಅಂಗಡಿಗೆಂದು ಹೊರಟವಳು ರೈಲು ಹತ್ತಿ ಒಬ್ಬಳೇ ಮಿರಜಿಗೆ ಹೋದಳು. ಗಂಡಂದಿರ ಜೊತೆ ಬಂದವರ ನಡುವೆ ಬೆಂಚಿನ ಮೇಲೆ ಕೂತಳು. ಪರದೆಯಲ್ಲಿ ಬಡಿತವಿತ್ತು. ಸಂಜೆ ಮನೆಗೆ ಬಂದು ರೊಟ್ಟಿ ಬಡಿದಳು. ರಕ್ತ ಮತ್ತೆ ಕಾಣಲಿಲ್ಲ.

ನಾಲ್ಕು ತಿಂಗಳಿಗೆ ಹೊಟ್ಟೆಯೇ ಗುಟ್ಟು ಬಿಟ್ಟುಕೊಟ್ಟಿತು. ಅಭಿನಂದನನ ಮುಖ ಸಣ್ಣದಾಯಿತು. "ನನಗರ ಹೇಳಬಾರ್ದಿತ್ತಾ?"

"ಹೇಳಿದ್ರ ಏನ್ ಮಾಡ್ತಿದ್ರಿ?" ಎಂದಳು ಪ್ರಾಜಕ್ತಾ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಮಗಳಿಗೆ ಈಗ ಎಂಟು ತಿಂಗಳು. ಅಭಿನಂದನ ಕೂಸನ್ನು ತೊಡೆಯಿಂದ ಇಳಿಸುವುದಿಲ್ಲ. ಗಂಡ ಹೆಂಡತಿ ಮಾತಾಡುತ್ತಾರೆ, ಕೂಸಿನ ಲಸಿಕೆ, ಎಮ್ಮೆಯ ಹಿಂಡಿ, ಕಬ್ಬಿನ ಕಟಾವು. ಅದಕ್ಕಿಂತ ಒಳಗಿನ ಮಾತೊಂದನ್ನೂ ಪ್ರಾಜಕ್ತಾ ಅವನೆದುರು ಆಡಿಲ್ಲ.